ಇಬ್ಬರಿಗೂ ಒಂದೇ ಮಾತ್ರೆ

ನನಗೂ ತಂಗಿಗೂ ಪಿಸಿಓಡಿ ಇದೆ, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ಸರಿಯಾಗಿ ಆಗದ ತೊಂದರೆ. ಇಬ್ಬರಿಗೂ ಕೂದಲು ಉದುರುತ್ತಿತ್ತು, ಇಬ್ಬರಿಗೂ ಸುಸ್ತು. "ರಕ್ತ ಕಮ್ಮಿ ಆಗಿದೆ ಕಣ್ರೇ" ಎಂದು ಅಮ್ಮ ಮೆಡಿಕಲ್ ಶಾಪಿನಿಂದ ಐರನ್ ಮಾತ್ರೆ ತಂದರು. ನಾನು ಆರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ತಂಗಿ ಹೊಟ್ಟೆ ಕಟ್ಟುತ್ತದೆ ಎಂದು ಎರಡೇ ವಾರಕ್ಕೆ ಬಿಟ್ಟಳು.

ಕೊನೆಗೆ ಒಂದು ಶನಿವಾರ ಮೂವರೂ ಡಾಕ್ಟರ ಹತ್ತಿರ ಹೋದೆವು. ಅವರು ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಕೂಡ ಮಾಡಿಸಲು ಹೇಳಿದರು. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ಅದರಲ್ಲಿ ಗೊತ್ತಾಗುತ್ತದಂತೆ. ಸಂಜೆ ರಿಪೋರ್ಟ್ ಬಂತು. ತಂಗಿಯದು ತೀರಾ ಕಡಿಮೆ, 8. ನನ್ನದು ಜಾಸ್ತಿ, 210!

"ಮುಟ್ಟು ಹೇಗೆ ಆಗುತ್ತದೆ?" ಎಂದು ಡಾಕ್ಟರು ಕೇಳಿದರು. ನನಗೆ ವರ್ಷಕ್ಕೆ ಮೂರೋ ನಾಲ್ಕೋ ಸಲ, ಅದೂ ಎರಡು ದಿನ. ತಂಗಿಗೆ ಎರಡು ತಿಂಗಳು ಬರುವುದಿಲ್ಲ, ಬಂದರೆ ಹದಿನೈದು ದಿನ ನಿಲ್ಲುವುದಿಲ್ಲ.

ಅವರು ಚೀಟಿಯ ಹಿಂದೆ ಗರ್ಭಕೋಶದ ಚಿತ್ರ ಬರೆದು ತೋರಿಸಿದರು. ಪಿಸಿಓಡಿಯಲ್ಲಿ ಅಂಡ ಬಿಡುಗಡೆ ಆಗದಿದ್ದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ತಯಾರಾಗುವುದಿಲ್ಲ. ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನ್ ಮಾತ್ರ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಾ ಹೋಗುತ್ತದೆ. ದಪ್ಪಗಾದ ಆ ಪದರ ಒಂದು ದಿನ ಕಳಚಲು ಶುರುವಾದರೆ ತಂಗಿಗೆ ಆದ ಹಾಗೆ ರಕ್ತ ಹೋಗುತ್ತಲೇ ಇರುತ್ತದೆ, ಅದರ ಜೊತೆ ಕಬ್ಬಿಣವೂ. ನನ್ನ ಕಥೆ ತಿರುವುಮುರುವು. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿಯೇ ನಮ್ಮ ಮೈಯಲ್ಲಿಲ್ಲ. ಮುಟ್ಟಿನಲ್ಲಿ ಒಂದಷ್ಟು ಹೋಗುತ್ತಿತ್ತು, ನನಗೆ ಅದೂ ಇಲ್ಲ. ಮೇಲೆ ದಿನಾ ಮಾತ್ರೆ ಬೇರೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲಿ, ಲಿವರಿನಲ್ಲಿ ಕೊಬ್ಬು ಕೂತವರಲ್ಲಿ, ಮೈಯೊಳಗೆ ಉರಿಯೂತ ಇದ್ದವರಲ್ಲಿ ಫೆರಿಟಿನ್ ತಾನಾಗೇ ಏರುತ್ತದಂತೆ. ಹಾಗಾಗಿ 210 ಪೂರ್ತಿ ಕಬ್ಬಿಣವೇ ಎಂದು ಹೇಳಲಾಗದು, ಮತ್ತೆ ನೋಡೋಣ ಎಂದರು. ನನ್ನ ಮಾತ್ರೆ ಅವತ್ತೇ ನಿಂತಿತು.

ಅಮ್ಮ ಆಟೋದಲ್ಲಿ ಮಾತೇ ಆಡಲಿಲ್ಲ. ಎರಡು ರಿಪೋರ್ಟನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ನಿಂಗೆ ಸುಮ್ನೆ ಕೊಟ್ಬಿಟ್ನಲ್ಲೇ" ಎಂದಾಗ ಕಣ್ಣು ತುಂಬಿತ್ತು. ನನಗೂ ತಡೆಯಲಾಗಲಿಲ್ಲ. ಅವರ ತಪ್ಪು ಅಂತ ನನಗೆ ಒಂದು ಕ್ಷಣವೂ ಅನಿಸಲಿಲ್ಲ. ಸುಸ್ತು ಅಂದರೆ ರಕ್ತ ಕಮ್ಮಿ ಅಂತಲೇ ಎಲ್ಲರೂ ಹೇಳುವುದು, ಅಲ್ವಾ?

ಈಗ ಮಾತ್ರೆ ತಂಗಿಗೆ ಮಾತ್ರ. ಅಮ್ಮ ನಿಂಬೆ ಪಾನಕದ ಜೊತೆ ಕೊಡುತ್ತಾರೆ, ಕಾಫಿ ಒಂದು ಗಂಟೆ ಆದ ಮೇಲೆ. ಮುಟ್ಟು ಹಿಡಿತಕ್ಕೆ ಬರಲು ಹಾರ್ಮೋನ್ ಮಾತ್ರೆಯೂ ಇದೆ. ಮೂರು ತಿಂಗಳಿಗೆ ಅವಳ ಫೆರಿಟಿನ್ 29 ಆಯಿತು, ಮೆಟ್ಟಿಲು ಹತ್ತುವಾಗ ಏದುಸಿರು ಬರುವುದಿಲ್ಲ. ನನ್ನದು 160ಕ್ಕೆ ಇಳಿದಿದೆ. ಕೂದಲು ಇನ್ನೂ ಉದುರುತ್ತಿದೆ. ಅದಕ್ಕೆ ಕಾರಣ ಗಂಡಸರಲ್ಲಿ ಹೆಚ್ಚಿರುವ ಆಂಡ್ರೋಜನ್ ಎಂಬ ಹಾರ್ಮೋನ್ ಇರಬಹುದು ಎಂದಿದ್ದಾರೆ, ಮುಂದಿನ ವಾರ ಆ ಟೆಸ್ಟ್ ಇದೆ.