ಅಂಗಡಿ ಬರೀತೀನಿ ಅಂದವನಿಗೆ ಮೃದಂಗ ಬರೆಸಿದೆ

ಜುಲೈ ಬಂತೆಂದರೆ ನಮ್ಮ ಆಫೀಸಿನಲ್ಲಿ ಯಾರಿಗೂ ಸರಿಯಾದ ನಿದ್ದೆಯಿಲ್ಲ. ಜೂನ್ ಕೊನೆಗೆ, ಅಮೆರಿಕದ ಮೆಡಿಕಲ್ ಸ್ಕೂಲುಗಳಿಗೆಲ್ಲ ಒಂದೇ ಅರ್ಜಿ ತಲುಪಿಸುವ ಸೇವೆಯಾದ ಆ್ಯಮ್‌ಕಾಸ್ ಅರ್ಜಿಗಳನ್ನು ಮೆಡಿಕಲ್ ಸ್ಕೂಲುಗಳಿಗೆ ರವಾನಿಸುತ್ತದೆ, ಅದರ ಬೆನ್ನಿಗೇ ಸೆಕೆಂಡರಿಗಳು, ಅಂದರೆ ಒಂದೊಂದು ಸ್ಕೂಲೂ ಬೇರೆಯಾಗಿ ಕೇಳುವ ಎರಡನೇ ಸುತ್ತಿನ ಪ್ರಬಂಧಗಳು, ಸುರಿಯತೊಡಗುತ್ತವೆ. ಒಬ್ಬೊಬ್ಬ ಹುಡುಗನಿಗೆ ಇಪ್ಪತ್ತು, ಇಪ್ಪತ್ತೈದು. ಎರಡು ವಾರದೊಳಗೆ ವಾಪಸ್ ಹೋಗಬೇಕು ಎನ್ನುವುದು ಎಲ್ಲರೂ ಪಾಲಿಸುವ ಲೆಕ್ಕ. ನ್ಯೂಜೆರ್ಸಿಯ ಒಂದು ಕಾಲೇಜಿನಲ್ಲಿ ಪ್ರೀ-ಹೆಲ್ತ್ ಅಡ್ವೈಸರ್ ಆಗಿ, ಅಂದರೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವವರಿಗೆ ದಾರಿ ತೋರಿಸುವವಳಾಗಿ, ಇದು ನನಗೆ ಒಂಬತ್ತನೇ ಸೈಕಲ್, ಒಂಬತ್ತನೇ ಪ್ರವೇಶದ ಸುತ್ತು. ಹೋದ ಸೈಕಲ್‌ನಲ್ಲಿ ನಡೆದದ್ದು ಇನ್ನೂ ಚುಚ್ಚುತ್ತಿದೆ.

ಹುಡುಗ ನಮ್ಮವನೇ, ಅಪ್ಪ ಅಮ್ಮ ಹಾಸನದ ಕಡೆಯವರು. ಪ್ರೀ-ರೈಟ್ ಮಾಡಲು, ಅಂದರೆ ಪ್ರಬಂಧಗಳನ್ನು ಮುಂಚೆಯೇ ಬರೆದಿಟ್ಟುಕೊಳ್ಳಲು, ಮೇ ತಿಂಗಳಲ್ಲಿ ಬಂದಾಗ, ತನ್ನ ಅನುಭವ ಇತರರಿಗಿಂತ ಹೇಗೆ ಬೇರೆ ಎಂದು ಹೇಳಬೇಕಾದ ಡೈವರ್ಸಿಟಿ ಪ್ರಬಂಧಕ್ಕೆ ವಿಷಯವನ್ನು ಅವನೇ ತಂದಿದ್ದ. ಐಟಿ ಕೆಲಸ ಹೋದಮೇಲೆ ಅವರಪ್ಪ ಒಂದು ಸ್ಯಾಂಡ್‌ವಿಚ್ ಅಂಗಡಿ ತೆಗೆದಿದ್ದರು. ಹೈಸ್ಕೂಲಿನಿಂದ ಪ್ರತಿ ಶನಿವಾರ ಇವನು ಅಲ್ಲಿ ಕೌಂಟರಿನಲ್ಲಿ ನಿಲ್ಲುತ್ತಿದ್ದ. ಅದನ್ನು ಬರೆಯುತ್ತೇನೆ ಎಂದ. ನಾನು ಪೂರ್ತಿ ಕೇಳಲೂ ಇಲ್ಲ. ‘ಅದು ಆ್ಯಕ್ಟಿವಿಟೀಸ್‌ನಲ್ಲಿ ಇದೆಯಲ್ಲ, 700 ಅಕ್ಷರ ಸಾಕು’ ಎಂದುಬಿಟ್ಟೆ; ಮಾಡಿದ ಕೆಲಸಗಳನ್ನು ಚಿಕ್ಕದಾಗಿ ಹೇಳುವ ಅರ್ಜಿಯ ಭಾಗ ಅದು. ಹನ್ನೊಂದು ವರ್ಷ ಮೃದಂಗ ಕಲಿತಿದ್ದ, ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ನುಡಿಸಿದ್ದ. ಅದನ್ನು ಬರೆಸಿದೆ. ಅವರಪ್ಪನಿಗೂ ಅದೇ ಬೇಕಿತ್ತು; ಅಂಗಡಿಯ ವಿಷಯ ಯಾಕೆ ಊರಿಗೆಲ್ಲ ಸಾರಬೇಕು ಎಂದು ಅವರ ಸಂಕೋಚ. ಆ ಸಂಕೋಚಕ್ಕೆ ನಾನೂ ಜೊತೆಯಾದೆ.

ಒಬ್ಬೊಬ್ಬರ ಅರ್ಜಿ ಎಲ್ಲಿಗೆ ಬಂತು ಎಂದು ಗುರುತಿಡುವ ನಮ್ಮ ಟ್ರ್ಯಾಕರ್ ಶೀಟಿನ ಬಗ್ಗೆಯೂ ಹೇಳಲೇಬೇಕು. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಬಂದಮೇಲೆ ಜನಾಂಗವನ್ನು ಪ್ರವೇಶದ ಅಳತೆಗೋಲಾಗಿ ಬಳಸುವುದು ನಿಂತಿತು. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿದೆ ಎಂದು ಅರ್ಜಿದಾರ ಬರೆದರೆ ಅದನ್ನು ಪರಿಗಣಿಸಬಹುದು, ಆದರೆ ಅದು ಅವನ ಗುಣಕ್ಕೋ ಸಾಮರ್ಥ್ಯಕ್ಕೋ ನೇರವಾಗಿ ತಗುಲಿಕೊಂಡಿರಬೇಕು ಎಂದು ಅದೇ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದರು. ಅಂದರೆ ಯಾವ ಗುಂಪಿಗೆ ಸೇರಿದವನು ಎನ್ನುವುದಲ್ಲ, ಏನು ಕಂಡವನು, ಏನು ಮಾಡಿದವನು ಎನ್ನುವುದು. ನಮ್ಮ ಮ್ಯಾನೇಜ್‌ಮೆಂಟ್ ಇದಕ್ಕೆ ಮಾಡಿದ್ದೇನು? ಡೈವರ್ಸಿಟಿ ಪ್ರಬಂಧದ ವಿಷಯಕ್ಕೆಂದು ಶೀಟಿನಲ್ಲಿ ಒಂದು ಡ್ರಾಪ್‌ಡೌನ್: ವಲಸೆ, ಭಾಷೆ, ಸಂಸ್ಕೃತಿ, ಕಲೆ, ಅಂಗವೈಕಲ್ಯ, ಫಸ್ಟ್-ಜೆನ್ (ಮನೆಯಲ್ಲಿ ಕಾಲೇಜು ಸೇರಿದ ಮೊದಲಿಗ). ಮೊದಲ ಭೇಟಿಯಲ್ಲೇ ಒಂದನ್ನು ಆರಿಸದಿದ್ದರೆ ಸಾಲು ಕೆಂಪಾಗುತ್ತದೆ. ‘ದುಡಿಮೆ’ ಎನ್ನುವುದು ಆ ಪಟ್ಟಿಯಲ್ಲೇ ಇಲ್ಲ. ನಾನು ‘ಕಲೆ’ ಒತ್ತಿದೆ, ಸಾಲು ಹಸಿರಾಯಿತು.

ಜುಲೈ ಮೂರನೇ ವಾರ. ಆರು ಸೆಕೆಂಡರಿ ಹೋಗಿದ್ದವು. ಅಭ್ಯಾಸಕ್ಕೆಂದು ಮಾಕ್ ಇಂಟರ್‌ವ್ಯೂ ಇಟ್ಟುಕೊಂಡೆ. ಪ್ರಬಂಧ ಮುಂದಿಟ್ಟುಕೊಂಡು ಕೇಳಿದೆ: ‘ತಾಳ ನಿಮಗೆ ರೋಗಿಯ ಮಾತು ಕೇಳಿಸಿಕೊಳ್ಳೋದನ್ನ ಕಲಿಸಿತು ಅಂತ ಬರೆದಿದ್ದೀರಿ. ಒಂದು ಉದಾಹರಣೆ ಕೊಡಿ.’

ಅವನು ಪೆನ್ನಿನ ಕ್ಯಾಪ್ ತೆಗೆದ, ಹಾಕಿದ. ಮತ್ತೆ ತೆಗೆದ. ನನ್ನ ಪರದೆಯ ಮೂಲೆಯಲ್ಲಿ ಟೈಮರ್ ಓಡುತ್ತಿತ್ತು, ನಲವತ್ತು ಸೆಕೆಂಡು, ಒಂದು ನಿಮಿಷ. ಗಾಬರಿಯಾಗಿದ್ದಾನೆ ಎಂದುಕೊಂಡು ನಾನೇ ಎತ್ತಿಕೊಟ್ಟೆ, ‘ಜುಗಲ್‌ಬಂದಿ ನುಡಿಸುವಾಗ ಎದುರಿನವರನ್ನು ಗಮನಿಸ್ತೀರಲ್ಲ, ಹಾಗೆ...’ ಒಂದೂವರೆ ನಿಮಿಷ. ಅವನ ಕಿವಿ ಕೆಂಪಾಗಿತ್ತು. ಆಫೀಸಿನಲ್ಲಿ ಇಂಗ್ಲಿಷ್ ಬಿಟ್ಟು ಮಾತಾಡದವನು ಕನ್ನಡದಲ್ಲಿ ಹೇಳಿದ: ‘ಆಂಟಿ, ಸಾರಿ. ಆ ಸಾಲು ನೀವು ಹಾಕಿದ್ದು. ನಂಗೆ ಮೃದಂಗ ಇಷ್ಟ. ಆದ್ರೆ ಅದ್ರಲ್ಲಿ ಇದೆಲ್ಲ ನಂಗೆ ಆಗ್ಲೇ ಇಲ್ಲ.’

ಟೈಮರ್ ನಿಲ್ಲಿಸಿದೆ. ಏನು ಹೇಳಬೇಕೋ ತೋಚಲಿಲ್ಲ. ಕೊನೆಗೆ, ‘ಅಂಗಡಿ ವಿಷಯ ಹೇಳಪ್ಪ’ ಎಂದೆ.

ಶನಿವಾರ ಹನ್ನೊಂದಕ್ಕೆ ಒಬ್ಬ ಹಿರಿಯರು ಬರುತ್ತಿದ್ದರಂತೆ. ಟರ್ಕಿ ಸ್ಯಾಂಡ್‌ವಿಚ್, ಈರುಳ್ಳಿ ಬೇಡ. ಹಣ ಕೊಡುವಾಗ ಫಾರ್ಮಸಿಯ ಚೀಟಿ ಮುಂದಿಟ್ಟು, ‘ಕನ್ನಡಕ ಮರೆತು ಬಂದೆ, ಸ್ವಲ್ಪ ಓದ್ತೀಯಾ’ ಎನ್ನುತ್ತಿದ್ದರು. ಮೂರು ವಾರ ಹೀಗೇ. ನಾಲ್ಕನೇ ವಾರ ಕನ್ನಡಕ ಅವರ ಅಂಗಿ ಜೇಬಿನಲ್ಲೇ ನೇತಾಡುತ್ತಿತ್ತು. ಅವರಿಗೆ ಓದಲು ಬರುವುದಿಲ್ಲ ಎಂದು ಇವನಿಗೆ ಆಗ ಹೊಳೆಯಿತು. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಮುಂದಿನ ವಾರದಿಂದ ಅವರು ಕೇಳುವ ಮೊದಲೇ, ‘ಕೊಡಿ, ಓದಿಬಿಡ್ತೀನಿ’ ಎಂದು ತಾನೇ ಕೈ ಚಾಚತೊಡಗಿದ. ಓದಿದ್ದನ್ನು ಅವರ ಬಾಯಲ್ಲಿ ಒಮ್ಮೆ ಹೇಳಿಸುತ್ತಿದ್ದ. ರಾತ್ರಿಯ ಮಾತ್ರೆ ಯಾವುದು ಎಂದು ಅವರಿಗೆ ಗೊಂದಲವಾದಾಗ ಗಲ್ಲಾದಲ್ಲಿದ್ದ ರಬ್ಬರ್ ಬ್ಯಾಂಡ್ ತೆಗೆದು ಆ ಡಬ್ಬಿಗೆ ಸುತ್ತಿಕೊಟ್ಟ.

ಹೇಳಿಕೊಟ್ಟದ್ದನ್ನು ರೋಗಿಯ ಬಾಯಿಂದಲೇ ಮತ್ತೆ ಹೇಳಿಸುವುದಕ್ಕೆ ಟೀಚ್-ಬ್ಯಾಕ್ ಎನ್ನುತ್ತಾರೆ, ಮೆಡಿಕಲ್ ಸ್ಕೂಲುಗಳಲ್ಲಿ ಕಲಿಸುತ್ತಾರೆ. ಆ ಹೆಸರು ಅವನಿಗೆ ಗೊತ್ತಿರಲಿಲ್ಲ. ಹದಿನಾರು ವರ್ಷಕ್ಕೆ, ಕೈಗೆ ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಂಡು, ತಾನಾಗಿಯೇ ಅದನ್ನು ಮಾಡಿದ್ದ. ಈ ಕತೆ ಮೇ ತಿಂಗಳಿನಿಂದ ನನ್ನ ಎದುರಿನ ಕುರ್ಚಿಯಲ್ಲೇ ಕುಳಿತಿತ್ತು.

ಆ ರಾತ್ರಿಯೇ ಹೊಸದಾಗಿ ಬರೆದ. ನಾನು ಒಂದು ಪದವನ್ನೂ ಸೇರಿಸಲಿಲ್ಲ, 1,500 ಅಕ್ಷರದ ಮಿತಿಗೆ ತಂದುಕೊಟ್ಟೆ ಅಷ್ಟೇ. ಅಪ್ಪನಿಗೆ ತಾನೇ ಓದಿ ಹೇಳಿದನಂತೆ. ಅವರು ಬೇಡ ಎನ್ನಲಿಲ್ಲ.

‘ನಾವು ಓಆರ್‌ಎಂ, ನಮ್ಮ ಹತ್ರ ಬರೆಯೋಕೆ ಏನಿದೆ’ ಎಂದು ನಮ್ಮ ಮಕ್ಕಳು ಪ್ರತಿ ವರ್ಷ ಬಂದು ಕೂರುತ್ತಾರೆ; ವೈದ್ಯ ವೃತ್ತಿಯಲ್ಲಿ ಜನಸಂಖ್ಯೆಯ ಪಾಲಿಗಿಂತ ಹೆಚ್ಚಿರುವ ಗುಂಪಿನವರು ಎಂದು ಅದರ ಅರ್ಥ. ಈಗ ಮೊದಲ ಭೇಟಿಯಲ್ಲಿ ನಾನು ವಿಷಯದ ಮಾತೇ ಎತ್ತುವುದಿಲ್ಲ. ನೀನು ಇದ್ದುದರಿಂದ ಯಾರಿಗೆ ಏನು ಬದಲಾಯಿತು, ಹೇಳು ಎನ್ನುತ್ತೇನೆ. ಹಾಳೆ ನೋಡದೆ ಮೂರು ನಿಮಿಷ ಮಾತಾಡಲು ಬರದ ವಿಷಯವನ್ನು ಬಿಡಿಸುತ್ತೇನೆ, ಅದು ಎಷ್ಟೇ ಚಂದ ಕಾಣಲಿ. ಡ್ರಾಪ್‌ಡೌನ್ ಖಾಲಿಯಿರುತ್ತದೆ, ಸಾಲು ಕೆಂಪಾಗಿರುತ್ತದೆ, ಸೋಮವಾರದ ಮೀಟಿಂಗಿನಲ್ಲಿ ಯಾಕೆ ಎಂದು ಕೇಳುತ್ತಾರೆ. ‘ದುಡಿಮೆ’ ಸೇರಿಸಿ ಎಂದು ಮೂರು ಸಲ ಮೇಲ್ ಹಾಕಿದ್ದೇನೆ, ಉತ್ತರವಿಲ್ಲ.

ಉಳಿದ ಸ್ಕೂಲುಗಳಿಗೆ ಅಂಗಡಿಯ ಪ್ರಬಂಧ ಹೋಯಿತು, ಮೂರು ಕಡೆಯಿಂದ ಇಂಟರ್‌ವ್ಯೂ ಬಂತು, ಒಂದರಲ್ಲಿ ಸೀಟೂ ಸಿಕ್ಕಿತು, ಮನೆಯಿಂದ ಒಂಬತ್ತು ಗಂಟೆ ದೂರ. ಮೃದಂಗ ಹೊತ್ತು ಹೋದ ಆ ಆರರಲ್ಲಿ ಅವನಿಗೆ ಎಲ್ಲಕ್ಕಿಂತ ಬೇಕಾಗಿದ್ದ ಸ್ಕೂಲು ಇತ್ತು, ಅಂಗಡಿಯಿಂದ ಇಪ್ಪತ್ತು ನಿಮಿಷದ ದಾರಿ. ಒಮ್ಮೆ ಸಲ್ಲಿಸಿದ ಸೆಕೆಂಡರಿಯನ್ನು ವಾಪಸ್ ಪಡೆಯಲಾಗುವುದಿಲ್ಲ. ಅಲ್ಲಿಂದ ಅವನಿಗೆ ಕರೆ ಬರಲಿಲ್ಲ.