ಟೀಚರ್ ಕ್ಯಾಸೆಟ್ ಪ್ರಾಜೆಕ್ಟ್: ಮಳೆಗಾಲದ ಅಪ್‌ಡೇಟ್

ಮಳೆ ಸುರು ಆದ್ಮೇಲೆ ಕೆಲ್ಸ ಸ್ವಲ್ಪ ಸ್ಲೋ, ಆದ್ರೆ ನಿಂತಿಲ್ಲ. ಹೊಸಬರಿಗೆ ಹೇಳುದಾದ್ರೆ, ಮಂಗಳೂರಿನ ಬಿಜೈಯಲ್ಲಿ ನಮ್ಗೆಲ್ಲ ಮ್ಯೂಸಿಕ್ ಕಲಿಸಿದ ಟೀಚರ್ ಹೋದ ವರ್ಷ ತೀರಿಕೊಂಡ್ರು, ಅವರ ತಂಗಿಯ ಮಗಳು ಮನೆ ಖಾಲಿ ಮಾಡುವಾಗ ಒಂದು ಬಿಸ್ಕಿಟ್ ಡಬ್ಬಿ ತುಂಬ ಕ್ಯಾಸೆಟ್, ಒಂದು ಕಟ್ಟು ನೋಟ್ಸ್ ಪುಸ್ತಕ, ಮತ್ತೆ ಆ ಕಾಲಲ್ಲಿ ತುಳಿಯುವ ಹಾರ್ಮೋನಿಯಂ ನಮ್ಮ ಹಳೇ ಸ್ಟೂಡೆಂಟ್ಸ್ ಗ್ರೂಪಿಗೆ ಕೊಟ್ರು, ನಿಮ್ಗೆ ಬೇಡಾದ್ರೆ ಗುಜರಿಗೆ ಅಂತ. ನನ್ಗೆ ರಿಪೇರಿ ಕೆಲ್ಸ ಸ್ವಲ್ಪ ಗೊತ್ತುಂಟಲ್ಲ, ಹಾಗಾಗಿ ಎಲ್ಲ ನಮ್ಮನೆಗೇ ಬಂತು. ಹೆಂಡತಿ ಎಂತದೂ ಹೇಳ್ಲಿಲ್ಲ, ಒಗೆದ ಬಟ್ಟೆ ಮಡಚಿ ಹಾರ್ಮೋನಿಯಂ ಮೇಲೆ ಇಡ್ತಾಳೆ ಅಷ್ಟೆ.

ಗುರಿ ಒಂದೇ: ಆಗಸ್ಟ್ 30ಕ್ಕೆ ಮೊಂತಿ ಫೆಸ್ತಿನ (ಮೇರಿ ಮಾತೆಯ ಹುಟ್ಟುಹಬ್ಬದ) ನೊವೆನಾ, ಅಂದ್ರೆ ಒಂಬತ್ತು ದಿನದ ಪ್ರಾರ್ಥನೆ, ಸುರು ಆಗ್ತದೆ, ಅದಕ್ಕೆ ಮೊದ್ಲು ಟೀಚರ್ ಮಕ್ಕಳಿಗೆ ಹಾಡು ಕಲಿಸ್ತಿದ್ದ ಟೇಪುಗಳು ಪೆನ್‌ಡ್ರೈವಲ್ಲಿ ಎಲ್ಲರ ಕೈಗೆ ಹೋಗ್ಬೇಕು. ಹೂ ಹಿಡ್ಕೊಂಡು ಸಾಲಲ್ಲಿ ನಿಂತು ಹಾಡ್ತಿದ್ದ ಮಕ್ಕಳಲ್ಲಿ ಸುಮಾರು ಜನ ಈಗ ದುಬೈ, ಕುವೈತ್.

ಕ್ಯಾಸೆಟ್ ವಿಷಯ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಮೇಲೆ ಮಳೆ ಬೀಳುವ ಊರಲ್ಲಿ ಟೇಪ್ ಹೇಗಿರ್ತದೆ ಅಂತ ಕೇಳ್ಬೇಡಿ. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದ್ರೆ ಸುರುಳಿಯ ಅಂಚಿಗೆ ಬಿಳಿ ಬಿಳಿ ಬೂಷ್ಟು. ಅಂತದ್ದನ್ನ ಸೀದಾ ಡೆಕ್ಕಿಗೆ (ಕ್ಯಾಸೆಟ್ ಪ್ಲೇಯರಿಗೆ) ಹಾಕ್ಲೇಬಾರ್ದು, ಟೇಪ್ ಓದುವ ಹೆಡ್ಡಿಗೆ ಹಿಡೀತದೆ, ಅಲ್ಲಿಂದ ಬೇರೆ ಟೇಪಿಗೂ ಹೋಗ್ತದೆ. ನಾನು ಮಾಡುದು ಹೀಗೆ: ಸ್ಕ್ರೂ ಬಿಚ್ಚಿ, ಎರಡೂ ಸುರುಳಿ ಅಲುಗದ ಹಾಗೆ ತೆಗ್ದು, ಮಾಸ್ಕ್ ಹಾಕ್ಕೊಂಡು ಒಣ ಬ್ರಶಲ್ಲಿ ಅಂಚು ಗುಡಿಸಿ, ಬೇರೆ ಒಳ್ಳೆ ಕ್ಯಾಸೆಟ್ಟಿನ ಖೋಲಿಗೆ ಕೂರಿಸುದು. ಟೇಪನ್ನ ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಫೆಲ್ಟ್ ತುಂಡು ಉಂಟಲ್ಲ, ಅದರ ಗೋಂದು ಬಿಟ್ಟು ಸುಮಾರು ಕ್ಯಾಸೆಟಲ್ಲಿ ಬಿದ್ದೇ ಹೋಗಿದೆ, ಅದಿಲ್ಲದೆ ಪ್ಲೇ ಮಾಡಿದ್ರೆ ಸೌಂಡ್ ಮಂಕು ಮಂಕು. ಮೇಲೆ ಬರೆದದ್ದನ್ನೂ ನಂಬ್ಲಿಕ್ಕಿಲ್ಲ ಮಾರಾಯ್ರೆ, "ಕ್ರಿಸ್ಮಸ್ ಕಾಯರ್" ಅಂತ ಇದ್ದದ್ರಲ್ಲಿ ಒಂದು ಸೈಡ್ ಪೂರ್ತಿ ರೇಡಿಯೋ ವಾರ್ತೆ.

ಈ ಸಲ ಜಾಸ್ತಿ ತಲೆ ತಿಂದದ್ದು ಸ್ಪೀಡ್. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡ್ಬೇಕು. ಟೀಚರ್ ಹತ್ರ ಇದ್ದದ್ದು ಸೆಲ್ ಹಾಕುವ ರೆಕಾರ್ಡರ್, ಸೆಲ್ ವೀಕ್ ಆದಾಗ ಮೋಟರ್ ನಿಧಾನ ತಿರುಗ್ತದೆ, ಹಾಗೆ ರೆಕಾರ್ಡ್ ಆದದ್ದನ್ನ ಈಗ ಸರಿಯಾದ ಸ್ಪೀಡಲ್ಲಿ ಹಾಕಿದ್ರೆ ಸ್ವರ ಮೇಲೆ ಏರ್ತದೆ, ಆರು ಪರ್ಸೆಂಟ್ ಹೆಚ್ಚುಕಮ್ಮಿ ಆದ್ರೆ ಸಾಕು, ಅರ್ಧ ಸ್ವರ ಆಚೀಚೆ. ಟೀಚರ್ ಧ್ವನಿ ಸಣ್ಣ ಹುಡುಗಿಯ ಧ್ವನಿ ಆಗಿತ್ತು ಕೆಲವದ್ರಲ್ಲಿ. ಕರೆಂಟಿಗೆ ಹಾಕಿ ರೆಕಾರ್ಡ್ ಮಾಡಿದ್ರಲ್ಲಿ ಹಿಂದಿಂದ ಒಂದು ಗುಂಯ್ ಅಂತ ಸೌಂಡ್ ಇರ್ತದೆ, ಅದು ನಮ್ಮ ಕರೆಂಟಿನ ಹಾಗೆ 50 ಹರ್ಟ್ಸ್ ಇರ್ಬೇಕು, ಕಂಪ್ಯೂಟರಲ್ಲಿ ಸೌಂಡಿನ ಸ್ಪೆಕ್ಟ್ರಮ್ ನೋಡುವಾಗ 52 ಕಂಡ್ರೆ ನಾಲ್ಕು ಪರ್ಸೆಂಟ್ ಇಳಿಸ್ಬೇಕು ಅಂತ ಲೆಕ್ಕ. ಆದ್ರೆ ಆ ಕಾಲದಲ್ಲಿ ನಮ್ಮ ಗ್ರಿಡ್ಡೇ 50ರಲ್ಲಿ ನಿಲ್ತಾ ಇರ್ಲಿಲ್ಲ, ಅದನ್ನೇ ನಂಬಿ ಕೂತ್ರೆ ಆಗುದಿಲ್ಲ. ಕೊನೆಗೆ ಉತ್ತರ ಇದ್ದದ್ದು ಮಡಚಿದ ಬಟ್ಟೆಯ ಅಡಿಯಲ್ಲಿ! ಟೇಪಲ್ಲಿ ಇರುವ ಹಾರ್ಮೋನಿಯಂ ಇದೇ ಅಲ್ವಾ. ರೀಡುಗಳು (ಒಳಗೆ ಸ್ವರ ಕೊಡುವ ಹಿತ್ತಾಳೆ ಪಟ್ಟಿಗಳು) ವರ್ಷ ಹೋದ ಹಾಗೆ ಸ್ವಲ್ಪ ಜಾರ್ತವೆ, ಆದ್ರೂ ಒಂದೊಂದೇ ಸ್ವರ ನುಡಿಸಿ ಟೇಪಿನ ಜೊತೆ ಹಿಡಿದು ನೋಡಿದ್ರೆ ಎಷ್ಟು ಇಳಿಸ್ಬೇಕು ಅಂತ ಗೊತ್ತಾಗ್ತದೆ. ಮಧ್ಯದ ಒಂದು ರೀಡ್ ಟೇಪಲ್ಲೂ ಝರ್ ಅಂತದೆ, ಇವತ್ತೂ ಝರ್ ಅಂತದೆ, ಹಾಗಾಗಿ ಡೌಟೇ ಇಲ್ಲ.

ಆ ರೀಡ್ ಹಾಗೇ ಬಿಡು, ನೆನಪಿಗೆ ಇರ್ಲಿ ಅಂತ ಗ್ರೂಪಲ್ಲಿ ಕೆಲವ್ರು. ನಾನು ಬಿಡುದಿಲ್ಲ. ಟೀಚರ್ ಇದ್ದಿದ್ರೆ ಯಾವಾಗ್ಲೋ ಸರಿ ಮಾಡಿಸ್ತಿದ್ರು, ದುಡ್ಡಿರ್ಲಿಲ್ಲ ಅಷ್ಟೆ. ರೀಡಿನ ನಾಲಿಗೆ ಒಂದು ಬದಿಗೆ ಸರಿದು ಸೀಳಿನ ಅಂಚಿಗೆ ತಾಗ್ತಾ ಉಂಟು, ಅದನ್ನ ನಡುವಿಗೆ ತಂದ್ರೆ ಮುಗೀತು. ಶ್ರುತಿ ಮಾಡುದು ಮಾತ್ರ ಸೂಕ್ಷ್ಮ: ತುದಿ ಹೆರೆದ್ರೆ ಸ್ವರ ಏರ್ತದೆ, ಬುಡದ ಹತ್ರ ಹೆರೆದ್ರೆ ಇಳೀತದೆ, ಹೆರೆದ ಹಿತ್ತಾಳೆ ವಾಪಸ್ ಬರುದಿಲ್ಲ. ಗಾಳಿತಿದಿಯ ಬಟ್ಟೆ ಜಿರಳೆ ತಿಂದು ತೂತು ತೂತು, ಅದು ಆಚಾರಿ ಹತ್ರ ಕೊಟ್ಟಾಗಿದೆ. ಆದ್ರೆ ಟೇಪಲ್ಲಿ ಪೆಡಲಿನ ಧಪ್ ಧಪ್ ಉಂಟಲ್ಲ, ಅದನ್ನ ನಾನು ಆಡಾಸಿಟಿಯಲ್ಲಿ (ಸೌಂಡ್ ಎಡಿಟ್ ಮಾಡುವ ಸಾಫ್ಟ್‌ವೇರ್) ತೆಗೀಲಿಕ್ಕೆ ಹೋಗ್ಲಿಲ್ಲ. ನಾಯ್ಸ್ ರಿಡಕ್ಷನ್ ಜಾಸ್ತಿ ಕೊಟ್ರೆ ಮಕ್ಕಳು ಉಸಿರು ತಕ್ಕೊಳ್ಳುವ ಸೌಂಡೂ ಹೋಗ್ತದೆ, ಟೀಚರ್ ಇಡೀ ಪಾಠವೇ ಉಸಿರಿನ ಮೇಲೆ. ಒಂದು ಕಡೆ ಯಾರೋ ಹುಡುಗನಿಗೆ ಹೇಳ್ತಾರೆ, "ಎಲ್ಲಿ ಉಸಿರು ತೆಗೆದಿ ಪುತಾ? ಶಬ್ದದ ಮಧ್ಯದಲ್ಲಿ ತೆಗೆದ್ರೆ ದೇವರಿಗೆ ಅರ್ಥ ಆದೀತು, ಬೆಂಚಲ್ಲಿ ಕೂತವರಿಗೆ ಆಗುದಿಲ್ಲ."

ನೋಟ್ಸ್ ಪುಸ್ತಕ ಅರ್ಧ ಸ್ಕ್ಯಾನ್ ಆಯ್ತು. ಕೊಂಕಣಿ ಹಾಡು ಕನ್ನಡ ಅಕ್ಷರದಲ್ಲಿ, ಅಡಿಯಲ್ಲಿ ಸೋಲ್ಫಾ, ಅಂದ್ರೆ ಸ್ವರವನ್ನ ಅಕ್ಷರದಲ್ಲಿ ಬರೆಯುವ ಕ್ರಮ: ಡ, ರ, ಮ, ಫ, ಮಾತ್ರೆಗೆ ಎರಡು ಚುಕ್ಕಿ, ಎಳೆದದ್ದಕ್ಕೆ ಅಡ್ಡ ಗೆರೆ. ಐದು ಗೆರೆಯ ಸ್ಟಾಫ್ ನೊಟೇಶನ್ ಪರೀಕ್ಷೆಗೆ ಕೂರುವವರಿಗೆ ಮಾತ್ರ, ಉಳಿದವರಿಗೆ ಇದು, ಜೊತೆಗೆ ಕೈಸನ್ನೆ. ಇಂಗ್ಲೆಂಡಿನ ಜಾನ್ ಕರ್ವೆನ್ 19ನೇ ಶತಮಾನದಲ್ಲಿ ಬಳಕೆಗೆ ತಂದ ಸನ್ನೆ: ಡೋಗೆ ಮುಷ್ಟಿ, ಮಿಗೆ ಅಂಗೈ ಕೆಳಗೆ ಮಾಡಿ ಅಡ್ಡ, ಫಾಗೆ ಹೆಬ್ಬೆರಳು ಕೆಳಗೆ, ಟಿಗೆ ತೋರುಬೆರಳು ಮೇಲೆ. ನಾನು ಮನೇಲಿ ತುಳು ಮಾತಾಡುವವ, ಆಗ ಪಕ್ಕದ ಬೀದಿಯಲ್ಲಿ ಸಂಗೀತ ಕ್ಲಾಸಿಗೂ ಹೋಗ್ತಿದ್ದೆ, ಎರಡೂ ಕಲಸಿ ಹೋದಾಗ ಟೀಚರ್ ಹೇಳಿದ್ದು ಡೋ ಅಂದ್ರೆ ನಿಮ್ಮ ಸ, ನಿನ್ನ ಗಂಟಲಿಗೆ ಎಲ್ಲಿ ಸುಖವೋ ಅಲ್ಲಿಟ್ಕೊ. ಅಷ್ಟೇ, ಆ ಮೇಲೆ ಯಾವತ್ತೂ ಕನ್ಫ್ಯೂಸ್ ಆಗ್ಲಿಲ್ಲ.

ಇನ್ನು ಎಲ್ಲರೂ ಕೇಳುವ ವಿಷಯ. ಟೀಚರ್ ಮೊದ್ಲು ಕಾನ್ವೆಂಟಲ್ಲಿ ಸಿಸ್ಟರ್ ಆಗಿದ್ರು. ನೆನಪು ಬರೆದು ಕಳ್ಸಿ ಅಂದ್ರೆ ಗ್ರೂಪಲ್ಲಿ ಅರ್ಧ ಜನ ಬರೆದದ್ದು ಕಾನ್ವೆಂಟ್ ಯಾಕೆ ಬಿಟ್ರು ಅಂತ. ಒಬ್ಬರ ಪ್ರಕಾರ ಲವ್, ಇನ್ನೊಬ್ಬರ ಪ್ರಕಾರ ಜಗಳ, ಮತ್ತೊಬ್ಬರ ಪ್ರಕಾರ ಕಾಯಿಲೆ. ಟೀಚರ್ ಬಾಯಿಬಿಟ್ಟು ಯಾರಿಗೂ ಹೇಳಿಲ್ಲ, ಹಾಗಾಗಿ ಅದ್ಯಾವುದೂ ಫೋಲ್ಡರಿಗೆ ಹೋಗುದಿಲ್ಲ, ಬೇಜಾರಾಗ್ಬೇಡಿ. ಗೊತ್ತಿರುದು ಇಷ್ಟು: ಸೇರಿದ್ದು ಚರ್ಚಿನ ಪೂಜೆ ಲ್ಯಾಟಿನಲ್ಲಿ ಇದ್ದ ಕಾಲದಲ್ಲಿ, ವ್ಯಾಟಿಕನ್ ಎರಡನೇ ಕೌನ್ಸಿಲ್ (ಕ್ಯಾಥೊಲಿಕ್ ಬಿಷಪರ ಮಹಾಸಭೆ, 1962–65) ಆದ್ಮೇಲೆ ಕೊಂಕಣಿ ಬಂತು, ಕಾಯರಿಗೆ ಹೊಸದಾಗಿ ಎಲ್ಲ ಕಲಿಸುವ ಕೆಲ್ಸ ಇವರ ತಲೆಗೆ. ಇಪ್ಪತ್ತು ವರ್ಷದ ಹತ್ರ ಒಳಗಿದ್ದು, ರೋಮಿನಿಂದ ಪರ್ಮಿಷನ್ ಬಂದ್ಮೇಲೆ ಹೊರಗೆ ಬಂದದ್ದು. 1983ರ ಕ್ಯಾನನ್ ಲಾದಲ್ಲಿ (ಕ್ಯಾಥೊಲಿಕ್ ಚರ್ಚಿನ ಕಾನೂನು) 702ನೇದ್ದು ಹೇಳ್ತದೆ, ಬಿಟ್ಟು ಬರುವವರು ಅಷ್ಟು ವರ್ಷ ಮಾಡಿದ ಕೆಲ್ಸಕ್ಕೆ ಏನೂ ಕೇಳುವ ಹಾಗಿಲ್ಲ, ಸಂಸ್ಥೆಯವ್ರು ನ್ಯಾಯ, ದಯೆ ತೋರಿಸ್ಬೇಕು ಅಂತಲೂ ಅದ್ರಲ್ಲೇ ಉಂಟು. ನಲ್ವತ್ತರ ಹತ್ರ ವಯಸ್ಸು, ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಬಾಡಿಗೆ ಮನೆ, ಒಂದು ಸೆಕೆಂಡ್ ಹ್ಯಾಂಡ್ ಹಾರ್ಮೋನಿಯಂ. ಯಾಕೆ ಬಿಟ್ರು ಅನ್ನುದಕ್ಕಿಂತ ಆ ಮೇಲೆ ಹೇಗೆ ಬದುಕಿದ್ರು ಅನ್ನುದು ನನ್ಗೆ ದೊಡ್ಡ ವಿಷಯ.

ಅದು ನೋಟ್ಸ್ ಪುಸ್ತಕದ ಹಿಂಬದಿಯಲ್ಲಿ ಸಿಕ್ಕಿತು. ಫೀಸಿನ ಲೆಕ್ಕ. ಗೆರೆ ಎಳೆದು ಹೆಸ್ರು, ತಿಂಗಳು, ಮೂವತ್ತು ರೂಪಾಯಿ, ಟಿಕ್. ಕೆಲವು ಹೆಸ್ರಿನ ಮುಂದೆ ಟಿಕ್ ಇಲ್ಲ, ಪೆನ್ಸಿಲಲ್ಲಿ "ಕೇಳುವುದು ಬೇಡ" ಅಂತ ಮಾತ್ರ. ಅದೇ ತಿಂಗಳ ಪುಟದ ಕೆಳಗೆ ಅಕ್ಕಿ ಅಂಗಡಿ ಬಾಕಿ. ಆ ಪುಟಗಳನ್ನ ಸ್ಕ್ಯಾನ್ ಮಾಡಿದೆ, ಆದ್ರೆ ಹೆಸ್ರು ಮುಚ್ಚಿಯೇ ಶೇರ್ ಮಾಡುದು, ನನ್ನದೂ ಸೇರಿ.

ಕಾನ್ವೆಂಟಿಂದ ಒಂದು ಮಾತ್ರ ತಂದಿದ್ರು ಅಂತ ಕಾಣ್ತದೆ, ಗ್ರೆಗೋರಿಯನ್ ಚಾಂಟ್, ಚರ್ಚಿನ ಹಳೇ ಲ್ಯಾಟಿನ್ ಹಾಡು. ನಾಲ್ಕು ಗೆರೆ, ಚೌಕ ಚೌಕ ಸ್ವರ, ತಾಳದ ಗೆರೆಗಳೇ ಇಲ್ಲ. ಪಾಠ ಸುರು ಆಗುವ ಮೊದ್ಲು ಎಲ್ಲ ಮಕ್ಕಳ ಹತ್ರ, ಬ್ಯಾರಿ ಹುಡುಗ ಇರ್ಲಿ ಭಟ್ರ ಮಗಳು ಇರ್ಲಿ, ಒಂದೇ ಉಸಿರಲ್ಲಿ ಒಂದು ಸಾಲು ಹಾಡಿಸ್ತಿದ್ರು, ಅರ್ಥ ಹೇಳ್ತಿರ್ಲಿಲ್ಲ. ಅದರ ಟೇಪ್ ಸಿಕ್ಕಿದೆ, ಬೂಷ್ಟು ಸ್ವಲ್ಪ ಜಾಸ್ತಿ, ಮಳೆ ಒಂದೆರಡು ದಿನ ಬಿಟ್ರೆ ಬಿಚ್ತೇನೆ.

ಬಾಕಿ ಇರುದು: ಗಾಳಿತಿದಿ ವಾಪಸ್ ಬಂದ್ಮೇಲೆ ಫಿಟ್ಟಿಂಗ್, ಆ ಝರ್ ರೀಡ್, ಉಳಿದ ಪುಸ್ತಕ. ಡೆಕ್ಕಿನ ಬೆಲ್ಟ್ ಸಡಿಲ ಆಗಿ ಸ್ವರ ಅಲುಗ್ಲಿಕ್ಕೆ ಸುರು ಆಗಿದೆ, ಹಂಪನಕಟ್ಟೆ ಕಡೆ ಯಾವ ಅಂಗಡಿಯಲ್ಲಾದ್ರೂ ಇನ್ನೂ ಚೌಕದ ರಬ್ಬರ್ ಬೆಲ್ಟ್ ಸಿಕ್ತದಾ ಗೊತ್ತಿದ್ದವ್ರು ಹೇಳಿ, ಬೆಲ್ಟ್ ಬರುವವರೆಗೆ ಹೊಸ ಟೇಪ್ ಹಾಕುದಿಲ್ಲ.