ಆಟೋಪೈಲಟ್ ಕೆಟ್ಟಿಲ್ಲ, ಮೊದಲು ಮೇಲಿನ ಸಾಲು ಓದಿ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆ ಮನೆಗಳಲ್ಲಿ ಫ್ಲೈಟ್ ಸಿಮ್ಯುಲೇಟರ್, ಅಂದರೆ ಕಂಪ್ಯೂಟರ್‌ನಲ್ಲೇ ವಿಮಾನ ಹಾರಿಸುವ ವ್ಯವಸ್ಥೆ, ಕೂರಿಸಿಕೊಡುವುದು, ಕೈಕೊಟ್ಟಾಗ ಹೋಗಿ ನೋಡುವುದು ನನ್ನ ಕೆಲಸ. ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲದಿದ್ದರೂ ಪೈಲಟ್ ಆಗಬೇಕೆನ್ನುವ ಮಕ್ಕಳಿಗೇನೂ ಕಡಿಮೆಯಿಲ್ಲ. ಮಳೆಗಾಲದಲ್ಲಿ ಫೋನ್ ಜಾಸ್ತಿ. "ಅಣ್ಣಾ, ಆಟೋಪೈಲಟ್ ಮಾತೇ ಕೇಳ್ತಿಲ್ಲ. ಎಲ್ಲಾ ಅಳಿಸಿ ಮತ್ತೆ ಹಾಕ್ಲಾ?"

ಬೇಡ. ಬೋಯಿಂಗ್ 737 ಆದರೆ ಎದುರಿನ ಪರದೆಯ ಮೇಲ್ತುದಿಯಲ್ಲಿರುವ ಎಫ್‌ಎಂಎ ಸಾಲು ಓದಿ, ಆಟೋಪೈಲಟ್ ಈಗ ಏನು ಮಾಡುತ್ತಿದೆ ಅಂತ ಅದೇ ಹೇಳುತ್ತದೆ. ಬಟನ್ ಒತ್ತಿದ ಮಾತ್ರಕ್ಕೆ ವಿಮಾನ ಒಪ್ಪಿಕೊಂಡಿತು ಅಂತಲ್ಲ. ಒಪ್ಪಿದ್ದರೆ ಹಸಿರು ಅಕ್ಷರ, ಇನ್ನೂ ಕಾಯುತ್ತಿದ್ದರೆ ಸಣ್ಣ ಬಿಳಿ ಅಕ್ಷರ. ಇದನ್ನು ಓದಲು ಕಲಿತವರು ಅರ್ಧ ತೊಂದರೆ ತಾವೇ ಬಿಡಿಸಿಕೊಳ್ಳುತ್ತಾರೆ.

ಗೋಣಿಕೊಪ್ಪದ ಹುಡುಗನೊಬ್ಬ ಬೆಂಗಳೂರಿನಿಂದ ಮಂಗಳೂರಿಗೆ ಹಾರಿಸುತ್ತಿದ್ದ. ಎತ್ತರ ಇಳಿಸಲು ಶುರುಮಾಡಬೇಕಾದ ಜಾಗ ಹತ್ತಿರ ಬಂತು, ಮಾರ್ಗ ತುಂಬುವ ಕೆಳಗಿನ ಕಂಪ್ಯೂಟರ್‌ನಲ್ಲಿ 'ರೀಸೆಟ್ ಎಂಸಿಪಿ ಆಲ್ಟ್', ಅಂದರೆ ಆಟೋಪೈಲಟ್ ಫಲಕದಲ್ಲಿ (ಎಂಸಿಪಿ) ಎತ್ತರ ಬದಲಿಸು ಅಂತ ಬಂತು. ಅವನು ಅದನ್ನು ಅಳಿಸಿಬಿಟ್ಟ. ಆ ಫಲಕದಲ್ಲಿ ಎತ್ತರ ತೋರಿಸುವ ಕಿಟಕಿಯಲ್ಲಿ ಇನ್ನೂ 24,000 ಅಡಿಯೇ ಇತ್ತು. ಏರುವುದು ಇಳಿಯುವುದನ್ನು ನೋಡಿಕೊಳ್ಳುವ ವಿಎನ್‌ಎವಿ ಆ ಅಂಕಿ ದಾಟಿ ಇಳಿಯುವುದಿಲ್ಲ, ಅದು ಸುರಕ್ಷತೆಗೆಂದೇ ಇರುವ ಬೇಲಿ. ಮೊದಲೇ ಗುಂಡಿ ತಿರುಗಿಸಿ ಅಂಕಿ ಇಳಿಸಿದ್ದರೆ ವಿಮಾನ ತಾನೇ ಇಳಿಯುತ್ತಿತ್ತು.

ತುಂಬಿದ ಮಾರ್ಗದ ಮೇಲೆ ವಿಮಾನ ಓಡಿಸುವ ಎಲ್‌ಎನ್‌ಎವಿ ಹಿಡಿಯದಿದ್ದರೆ ಮಾರ್ಗದಿಂದ ಎಷ್ಟು ದೂರ ಇದ್ದೀರಿ ನೋಡಿ. 3 ನಾಟಿಕಲ್ ಮೈಲಿ ಒಳಗಿರಬೇಕು, ಇಲ್ಲವೇ ಮಾರ್ಗವನ್ನು 90 ಡಿಗ್ರಿ ಮೀರದ ಕೋನದಲ್ಲಿ ಸೇರುವಂತೆ ಹೋಗುತ್ತಿರಬೇಕು. ಮಾರ್ಗದ ತುಂಡುಗಳ ಪಟ್ಟಿಯಿರುವ ಲೆಗ್ಸ್ ಪುಟದಲ್ಲಿ ನಡುವೆ ಮಾರ್ಗ ಕಡಿದಿದ್ದರೆ ಎಲ್‌ಎನ್‌ಎವಿ ಅಲ್ಲಿ ಬಿಟ್ಟುಬಿಡುತ್ತದೆ.

ನನ್ನ ತಲೆ ಜಾಸ್ತಿ ತಿಂದದ್ದು ಮಾತ್ರ ಬೆಂಗಳೂರಿನ ರನ್‌ವೇ. 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ ಶುರುವಾಗಿ, 09/27 ಅನ್ನುವ ಸಂಖ್ಯೆಯ ಹಳೆಯ ರನ್‌ವೇ ಈಗ 09ಎಲ್/27ಆರ್ ಆಗಿದೆ (ಎಲ್ ಅಂದರೆ ಎಡ, ಆರ್ ಅಂದರೆ ಬಲ). ವಿಮಾನಕ್ಕೆ ದಾರಿ, ರನ್‌ವೇ ತಿಳಿಸುವ ನ್ಯಾವಿಗೇಶನ್ ಡೇಟಾ ಹೊಸದು, ಸಿಮ್ಯುಲೇಟರ್‌ನ ನೆಲದ ಚಿತ್ರ ಹಳೆಯದು ಆಗಿದ್ದರೆ ಹೊಸ ರನ್‌ವೇ 09ಆರ್ ಆರಿಸಿದಾಗ ವಿಮಾನ ಶಿಸ್ತಾಗಿ ಬಯಲಿನ ಮೇಲೆ ಇಳಿಯಲು ಹೊರಡುತ್ತದೆ. ಆಟೋಪೈಲಟ್ ಸರಿಯಾಗೇ ಇದೆ, ಎರಡು ನಕ್ಷೆ ಹೊಂದುತ್ತಿಲ್ಲ ಅಷ್ಟೇ. ನ್ಯಾವಿಗೇಶನ್ ಡೇಟಾ 28 ದಿನಕ್ಕೊಮ್ಮೆ ಬದಲಾಗುತ್ತದೆ, ಆದ್ದರಿಂದ ಎರಡರ ದಿನಾಂಕವನ್ನೂ ಒಟ್ಟಿಗೇ ನೋಡಬೇಕು.

ಇನ್ನು ಸುಮ್ನೆ ಸುಮ್ನೆ ಆಟೋಪೈಲಟ್ ಕಳಚಿಕೊಳ್ಳುತ್ತದೆ ಅನ್ನುವವರು ಜಾಯ್‌ಸ್ಟಿಕ್ ನೋಡಿ. ಒಳಗೆ ಧೂಳು ಕೂತರೆ, ಸವೆದರೆ, ಕೈ ಮುಟ್ಟದಿದ್ದರೂ ಅದು ಅಲುಗಾಡುವ ಸಂಕೇತ ಕಳಿಸುತ್ತದೆ. ಪೈಲಟ್ ಕೈಗೆ ತೆಗೆದುಕೊಂಡ ಅಂತ ಕೆಲವು ವಿಮಾನಗಳು ಆಟೋಪೈಲಟ್ ಬಿಟ್ಟುಕೊಡುತ್ತವೆ. ಜಾಯ್‌ಸ್ಟಿಕ್ ಹೊಂದಿಸುವ ಕ್ಯಾಲಿಬ್ರೇಶನ್ ಪುಟ ತೆರೆದು, ಕೈ ತೆಗೆದು ನೋಡಿ. ಗೆರೆ ನಡುಗುತ್ತಿದ್ದರೆ ಡೆಡ್‌ಝೋನ್, ಅಂದರೆ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಂತರ, ಸ್ವಲ್ಪ ಹೆಚ್ಚಿಸಿ. ಅಷ್ಟಕ್ಕೂ ನಿಲ್ಲದಿದ್ದರೆ ಹೊಸ ಜಾಯ್‌ಸ್ಟಿಕ್ಕೇ ತರಬೇಕು.